ನಮ್ಮ ಮಕ್ಕಳು ಎಲ್ಲಿಯವರು? ಕುಲಿಬಾಲಿ ನೆನಪಾದ

ಮೊನ್ನೆ ಇಲ್ಲಿ ಒಬ್ಬರು ಕೇಳಿದ್ದರು: "ನೀನು ಈ ದೇಶದವನೂ ಹೌದು, ಆ ದೇಶದವನೂ ಹೌದು ಅಂತ ಹೇಳಿದ್ರೆ ಮಕ್ಕಳಿಗೆ ಗೊಂದಲ ಆಗಲ್ವಾ?" ಅವತ್ತಿಂದ ಅದೇ ತಲೆಯಲ್ಲಿದೆ.

ನಮ್ಮ ಮಗನಿಗೆ ಹನ್ನೊಂದು. ಜರ್ಮನಿಯಲ್ಲೇ ಹುಟ್ಟಿದವನು, ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಡಿಫೆಂಡರ್. ಹೋದ ತಿಂಗಳು ಮ್ಯಾಚ್ ಮುಗಿದ ಮೇಲೆ ಯಾರೋ ಒಬ್ಬರು ಅವನನ್ನು "ನಿಜವಾಗಿ ನೀನು ಎಲ್ಲಿಯವನು?" ಅಂತ ಕೇಳಿದರು. "ಇಲ್ಲೇ, ಬೇಕರಿ ಹಿಂದಿನ ಬೀದಿ" ಅಂದ. ಕಾರಿನಲ್ಲಿ ಮಾತ್ರ ಸುಮ್ಮನೆ ಕೂತಿದ್ದ. ಶೂ ದಾರ ಬಿಚ್ಚುತ್ತಾ, "ಅಮ್ಮಾ, ನಾನು ಹೇಳಿದ್ದು ತಪ್ಪಾ?" ಅಂದ. ನನಗೆ ಹೊಟ್ಟೆ ಚುರ್ ಅಂತು.

ಅವತ್ತು ರಾತ್ರಿ ಅವನಿಗೆ ಕಲಿಡು ಕುಲಿಬಾಲಿ ಅನ್ನೋ ಫುಟ್‌ಬಾಲ್ ಆಟಗಾರನ ಕಥೆ ಹೇಳಿದೆ, ಅವನೂ ಡಿಫೆಂಡರ್. ಹುಟ್ಟಿದ್ದು 1991ರಲ್ಲಿ, ಫ್ರಾನ್ಸಿನ ಸ್ಯಾಂ ದಿಯೇ ಅನ್ನೋ ಸಣ್ಣ ಊರಿನಲ್ಲಿ. ಅಪ್ಪ ಅಮ್ಮ ಪಶ್ಚಿಮ ಆಫ್ರಿಕಾದ ಸೆನೆಗಲ್‌ನವರು. 2002ರ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲೇ ಸೆನೆಗಲ್ ತಂಡ ಹಾಲಿ ಚಾಂಪಿಯನ್ ಫ್ರಾನ್ಸನ್ನು 1-0ರಿಂದ ಸೋಲಿಸಿತಲ್ಲ, ಆಗ ಇವನಿಗೆ ಹನ್ನೊಂದೂ ತುಂಬಿರಲಿಲ್ಲ. ಗೋಲು ಹೊಡೆದದ್ದು ಪಾಪಾ ಬೂಬಾ ದಿಯೋಪ್.

2011ರಲ್ಲಿ 20 ವರ್ಷದೊಳಗಿನವರ ವಿಶ್ವಕಪ್ ಆಡಿದ್ದು ಫ್ರಾನ್ಸ್ ಪರವಾಗಿ. ಕ್ಲಬ್ ಕಡೆ ಮೆಟ್ಜ್, ಬೆಲ್ಜಿಯಂನ ಗೆಂಕ್, ಆಮೇಲೆ 2014ರಿಂದ ಎಂಟು ವರ್ಷ ಇಟಲಿಯ ನಾಪೋಲಿ. ಸೀನಿಯರ್ ಮಟ್ಟಕ್ಕೆ 2015ರಲ್ಲಿ ಸೆನೆಗಲ್ ಆರಿಸಿಕೊಂಡ. ಆಗ ಅವನಿಗೆ 24. ಕಿರಿಯರ ತಂಡದಲ್ಲಿ ಒಂದು ದೇಶಕ್ಕೆ ಆಡಿದವರು ಹೀಗೆ ಬದಲಾಯಿಸಲು ಫಿಫಾ ನಿಯಮದಲ್ಲಿ ಜಾಗವಿದೆ. ನಾವು ಹತ್ತು ವರ್ಷದ ಮಕ್ಕಳಿಂದ ಈಗಲೇ ಉತ್ತರ ಕೇಳ್ತೀವಿ, ಅಲ್ವಾ?

2018ರ ಡಿಸೆಂಬರ್ 26ರಂದು ಮಿಲಾನ್‌ನಲ್ಲಿ ಅಲ್ಲಿನ ಇಂಟರ್ ಕ್ಲಬ್ ವಿರುದ್ಧ ನಾಪೋಲಿ ಪರ ಆಡುವಾಗ ಜನ ಅವನನ್ನು ನೋಡಿ ಮಂಗನ ಹಾಗೆ ಕೂಗಿದರು. ಕೊನೆಗೆ ಎರಡನೇ ಹಳದಿ ಕಾರ್ಡ್ ಸಿಕ್ಕಿ ಅವನೇ ಮೈದಾನದಿಂದ ಹೊರಗೆ ಹೋಗಬೇಕಾಯಿತು. ಆ ರಾತ್ರಿ ಅವನು ಬರೆದದ್ದು ಇಷ್ಟು: ನನ್ನ ಚರ್ಮದ ಬಣ್ಣದ ಬಗ್ಗೆ ನನಗೆ ಹೆಮ್ಮೆ. ಫ್ರಾನ್ಸಿನವನು, ಸೆನೆಗಲ್‌ನವನು, ನಾಪೋಲಿಯವನು, ಮನುಷ್ಯ ಅನ್ನೋದಕ್ಕೂ ಹೆಮ್ಮೆ. ನಾಲ್ಕರಲ್ಲಿ ಒಂದನ್ನೂ ಬಿಡಲಿಲ್ಲ ನೋಡಿ. ಇದನ್ನು ಓದಿ ಹೇಳಿದಾಗ ನಮ್ಮವನು ಬೆರಳು ಮಡಚಿ ಎಣಿಸಿದ.

2022ರ ಫೆಬ್ರವರಿಯಲ್ಲಿ ಸೆನೆಗಲ್ ಮೊದಲ ಸಲ ಆಫ್ರಿಕಾ ಕಪ್ ಗೆದ್ದಾಗ ನಾಯಕ ಅವನೇ. ಅದೇ ವರ್ಷದ ನವೆಂಬರ್ 29, ಕತಾರ್ ವಿಶ್ವಕಪ್. ಸೆನೆಗಲ್ ವಿರುದ್ಧ ಎಕ್ವಡಾರ್ ಗೋಲು ಹೊಡೆದು ಸಮ ಮಾಡಿ ಮೂರೇ ನಿಮಿಷ. ಫ್ರೀ ಕಿಕ್‌ನಿಂದ ಬಂದ ಚೆಂಡು ಯಾರಿಗೋ ತಗುಲಿ ಇವನ ಮುಂದೆ ಬಿತ್ತು, ಬಲಗಾಲಲ್ಲಿ ಹೊಡೆದ. ದೇಶಕ್ಕಾಗಿ ಅವನ ಮೊದಲ ಗೋಲು. 2002ರಲ್ಲಿ ಆ ಗೋಲು ಹೊಡೆದ ದಿಯೋಪ್ ತೀರಿಕೊಂಡು ಅವತ್ತಿಗೆ ಸರಿಯಾಗಿ ಎರಡು ವರ್ಷ. ಇವನ ತೋಳಿನ ಪಟ್ಟಿಯ ಮೇಲೆ ದಿಯೋಪ್‌ನ 19 ನಂಬರ್ ಬರೆದಿತ್ತು.

ನಮ್ಮ ಕಾಗದಪತ್ರದ ಕಥೆ ಬೇರೆ. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಒಸಿಐ (ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇದ್ದರೆ ವೀಸಾ ತಾಪತ್ರಯ ಇಲ್ಲ ಅಷ್ಟೆ. ವೋಟು ಇಲ್ಲ, ಭಾರತ ತಂಡದಲ್ಲಿ ಜಾಗವೂ ಇಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಭಾರತಕ್ಕೆ ಆಡಲೆಂದು ಆಸ್ಟ್ರೇಲಿಯಾದ ಪಾಸ್‌ಪೋರ್ಟನ್ನೇ ಬಿಟ್ಟುಕೊಟ್ಟರು. ಹಾಗಾಗಿ ಪಾಸ್‌ಪೋರ್ಟ್ ಬದಲಾಯಿಸುವವರು ಮನೆಯಲ್ಲಿ ಕೂತು ಮಾತಾಡಿ, ಮಕ್ಕಳಿಗೂ ಬಿಡಿಸಿ ಹೇಳಿ. ಆದರೆ "ಪಾಸ್‌ಪೋರ್ಟ್ ಹೋಯ್ತು, ಇನ್ನು ನೀನು ನಮ್ಮವನಲ್ಲ" ಅನ್ನುವ ಮಾತು ತಮಾಷೆಗೂ ಬೇಡ. ಮಕ್ಕಳು ಅದನ್ನು ಮರೆಯೋದಿಲ್ಲ.

ಶನಿವಾರ ಮತ್ತೆ ಮ್ಯಾಚ್ ಇತ್ತು. ನಾನು ಗೆರೆಯ ಹೊರಗೆ ನಿಂತು "ಹಿಂದೆ ಬಾರೋ, ಹಿಂದೆ!" ಅಂತ ಕನ್ನಡದಲ್ಲೇ ಕೂಗಿದೆ. ಮೊದಲೆಲ್ಲ ನಾಚಿಕೊಳ್ಳುತ್ತಿದ್ದ. ಈ ಸಲ ತಿರುಗಿ ನೋಡಿ, "ಗೊತ್ತಮ್ಮಾ!" ಅಂತ ಅವನೂ ಕೂಗಿದ.