ಕುಮಟಾ ಕಡೆ ಹೊರಟಿದ್ದೇವೆ, ಬಳಚು ತಿನ್ನಬಹುದೇ?

ಕೇಳಿದವರು: ಹುಬ್ಬಳ್ಳಿಯ ಗೃಹಿಣಿ
ಬರುವ ವಾರ ಮಕ್ಕಳು, ಅತ್ತೆ, ಮಾವ ಎಲ್ಲರೂ ಸೇರಿ ಕುಮಟಾ, ಕಾರವಾರದ ಕಡೆ ಹೊರಟಿದ್ದೇವೆ. ಕಡಲಿನಲ್ಲಿ ವಿಷದ ಪಾಚಿ ಬೆಳೆಯುತ್ತದೆ, ಆಗ ಚಿಪ್ಪಿನ ಜೀವಿಗಳನ್ನು ತಿಂದವರಿಗೆ ಮರೆವು ಬರುತ್ತದೆ ಎಂದು ಮೊಬೈಲಿನಲ್ಲಿ ಬಂದ ಸಂದೇಶ ಓದಿ, ಬಳಚಿನ ಹೆಸರನ್ನೇ ಎತ್ತಬೇಡಿ ಎಂದು ಮಾವನವರು ಹಟ ಹಿಡಿದಿದ್ದಾರೆ. ಯಜಮಾನರಿಗೆ ಅದೇ ಬೇಕು. ಚೆನ್ನಾಗಿ ಬೇಯಿಸಿದರೆ ಸಾಕಲ್ಲವೇ? ಬಲ್ಲವರು ದಯವಿಟ್ಟು ತಿಳಿಸಿ.

ಧಾರವಾಡದ ಉಪನ್ಯಾಸಕಿ:
ತಂಗೀ, ಬೇಯಿಸಿದರೆ ಸಾಲದು. ಮೊದಲು ಇದೊಂದು ಮಾತು ಮನಸ್ಸಿನಲ್ಲಿರಲಿ. ಕುದಿಸಿದರೂ ಹುರಿದರೂ ಫ್ರಿಜ್ಜಿನಲ್ಲಿಟ್ಟರೂ ಈ ವಿಷ ಹೋಗುವುದಿಲ್ಲ. ರುಚಿಯಲ್ಲಿ, ವಾಸನೆಯಲ್ಲಿ ಗೊತ್ತೂ ಆಗುವುದಿಲ್ಲ.

ನಾನು ಓದಿದ್ದು ಕಾರವಾರದ ಕೋಡಿಬಾಗದಲ್ಲಿ, ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ. ಬಲೆ ಎಳೆದು ತಂದ ನೀರಿನ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಡಯಾಟಮ್‌ಗಳೇ ಡಯಾಟಮ್‌ಗಳು. ಇವು ಗಾಜಿನಂಥ ಸಿಲಿಕಾ ಕವಚದೊಳಗೆ ಬದುಕುವ ಏಕಕೋಶದ ಪಾಚಿಗಳು. ಬಹುಪಾಲು ನಿರುಪದ್ರವಿಗಳು, ಕಡಲಿನ ಜೀವಿಗಳಿಗೆ ಅವೇ ಮೂಲ ಆಹಾರ. ವಿಷದ ಅಪವಾದ ಹೊತ್ತಿರುವುದು ಮುಖ್ಯವಾಗಿ ಸ್ಯೂಡೋ-ನಿಟ್ಶಿಯಾ ಎಂಬ ಒಂದು ಕುಲ. ಸೂಜಿಯಂಥ ಕೋಶಗಳು ತುದಿಗೆ ತುದಿ ತಾಗಿಸಿಕೊಂಡು ಸರಪಳಿಯಾಗಿ ತೇಲುತ್ತವೆ. ಅದರಲ್ಲಿ 50ಕ್ಕೂ ಹೆಚ್ಚು ಪ್ರಭೇದಗಳಿದ್ದು, ಸುಮಾರು ಅರ್ಧದಷ್ಟು ಡೊಮೊಯಿಕ್ ಆಮ್ಲ ಎಂಬ ವಿಷವನ್ನು ತಯಾರಿಸಬಲ್ಲವು.

ನಿಮ್ಮ ಮಾವನವರು ಓದಿದ ಮರೆವಿನ ಸುದ್ದಿ ಕಟ್ಟುಕಥೆಯಲ್ಲ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಿಂದ ಬಂದ ಪಚ್ಚಿಲೆಯ ಜಾತಿಯ ಚಿಪ್ಪಿಜೀವಿಗಳನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಕೆಲವರು ತೀರಿಕೊಂಡರು. ಮೊದಲು ವಾಂತಿ, ಭೇದಿ. ಆಮೇಲೆ ತಲೆನೋವು, ಗೊಂದಲ. ಕೆಲವರಿಗೆ ಹೊಸದೇನನ್ನೂ ನೆನಪಿಟ್ಟುಕೊಳ್ಳಲು ಆಗದ ಸ್ಥಿತಿ ಉಳಿದೇಬಿಟ್ಟಿತು. ಈ ಆಮ್ಲ ಮಿದುಳಿನ ಗ್ಲುಟಮೇಟ್ ಎಂಬ ಸಂದೇಶವಾಹಕದಂತೆ ನಟಿಸಿ ನರಕೋಶಗಳನ್ನು ವಿಪರೀತ ಉದ್ರೇಕಿಸಿ ಕೊಲ್ಲುತ್ತದೆ. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗಕ್ಕೆ ಹೆಚ್ಚು ಪೆಟ್ಟು. ಅಂದು ತೀವ್ರವಾಗಿ ಬಳಲಿದವರಲ್ಲಿ ವಯಸ್ಸಾದವರು, ಮೂತ್ರಪಿಂಡದ ತೊಂದರೆ ಇದ್ದವರೇ ಹೆಚ್ಚು. ಆದ್ದರಿಂದ ನಿಮ್ಮ ಮಾವನವರ ಹಟಕ್ಕೆ ನನ್ನ ಬೆಂಬಲವಿದೆ. ಅವರ ತಟ್ಟೆಗೆ ಬಳಚು ಬೇಡ.

ನಮ್ಮ ಪಶ್ಚಿಮ ಕರಾವಳಿಯನ್ನು ಈಗಾಗಲೇ ಕಾಡಿರುವುದು ಇನ್ನೊಂದು ಗುಂಪು, ಡೈನೋಫ್ಲಾಜೆಲೇಟ್‌ಗಳು ಎಂಬ, ಬಾಲದಂಥ ಎಳೆಗಳಿಂದ ಈಜುವ ಏಕಕೋಶ ಜೀವಿಗಳು. 1983ರಲ್ಲಿ ಕುಂಬಳೆಯ ಬಳಿ, 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಚಿಪ್ಪಿಜೀವಿಗಳನ್ನು ತಿಂದವರಿಗೆ ಪಾರ್ಶ್ವವಾಯು ತರುವ ವಿಷ ಏರಿತ್ತು. ವಿಳಿಂಜಂನಲ್ಲಿ ಜೀವಗಳೇ ಹೋದವು. ಎರಡೂ ಕಡೆ ವಿಷ ಮನುಷ್ಯರನ್ನು ತಲುಪಿದ್ದು ಚಿಪ್ಪಿಜೀವಿಗಳ ಮೂಲಕ. ಬಳಚು, ಪಚ್ಚಿಲೆ, ಕಲ್ವ ಇವೆಲ್ಲ ಇಡೀ ದಿನ ನೀರನ್ನು ಸೋಸಿ ಸೋಸಿ ತಿನ್ನುವ ಜೀವಿಗಳು. ನೀರಿನಲ್ಲಿ ತೆಳುವಾಗಿದ್ದದ್ದು ಅವುಗಳ ಹೊಟ್ಟೆಯಲ್ಲಿ ದಟ್ಟವಾಗುತ್ತದೆ, ಅವುಗಳಿಗೆ ಮಾತ್ರ ಏನೂ ಆಗುವುದಿಲ್ಲ.

ಹಾಗೆಂದು ಅಘನಾಶಿನಿಯ ಬಳಚಿಗೆ ಶಾಶ್ವತವಾಗಿ ಕೈಮುಗಿಯಿರಿ ಎನ್ನಲಾರೆ. ಅಲ್ಲಿ ನೀರಿಗಿಳಿದು ಬಳಚು ಆರಿಸುವ ಹೆಣ್ಣುಮಕ್ಕಳ ಸಂಸಾರ ನಡೆಯುವುದೇ ಅದರಿಂದ. ಅವರನ್ನೇ ಕೇಳಿ: ಈಚೆಗೆ ನೀರಿನ ಬಣ್ಣ ತಿರುಗಿತ್ತೇ, ಮೀನು ಸತ್ತು ದಡಕ್ಕೆ ಬಂದಿದ್ದವೇ? ಹೌದೆಂದರೆ ಈ ಪ್ರವಾಸದಲ್ಲಿ ಬಿಟ್ಟುಬಿಡಿ. ಇಲ್ಲವೆಂದರೆ ಯಜಮಾನರು ಒಂದು ತಟ್ಟೆ ತಿನ್ನಲಿ, ಮಕ್ಕಳಿಗೆ ಕೊಡಬೇಡಿ. ನೀರು ತಿಳಿಯಾಗಿದ್ದಾಗಲೂ ಸ್ಯೂಡೋ-ನಿಟ್ಶಿಯಾ ಇರಬಹುದು, ಹಾಗಾಗಿ ಕಣ್ಣಿನ ಪರೀಕ್ಷೆ ಪೂರ್ತಿ ಭರವಸೆಯಲ್ಲ. ಕಡಲಿನ ಮಾಹಿತಿ ನೀಡುವ ಹೈದರಾಬಾದಿನ ಇಂಕಾಯ್ಸ್ (INCOIS) ಸಂಸ್ಥೆ ಉಪಗ್ರಹ ಚಿತ್ರಗಳಿಂದ ಪಾಚಿ ಉಕ್ಕುವ ಮಾಹಿತಿ ಕೊಡುತ್ತದೆ, ಹೊರಡುವ ಮುಂಚೆ ಅದನ್ನೂ ನೋಡಿ.

ಹುಬ್ಬಳ್ಳಿಗೆ ಮದುವೆಯಾಗಿ ಬಂದ ಅಂಕೋಲೆಯವರು:
ಮೀನಿನ ಬಗ್ಗೆ ಹೆದರಬೇಡಿ ಅಕ್ಕಾ. ಇಸವಾಣ, ಬಂಗಡೆ ಯಾವುದೇ ಇರಲಿ, ಕರುಳು ತೆಗೆದು ತೊಳೆದು ಮಾಡುವುದು ನಮ್ಮ ತಾಯಿ ಕಲಿಸಿದ ಕ್ರಮ. ಚಿಕ್ಕ ತಾರಲೆಯನ್ನು ಕೆಲವರು ಹಾಗೆಯೇ ಹುರಿಯುತ್ತಾರೆ, ನಾನು ಅದರ ಹೊಟ್ಟೆಯನ್ನೂ ಬಿಡದೆ ಸೀಳುತ್ತೇನೆ. ಏಡಿ ತಿಂದರೆ ಒಳಗಿನ ಹಳದಿ ಭಾಗ ಬೇಡ.

ಕೇಳಿದವರು:
ರಾತ್ರಿ ಅಲೆ ನೀಲಿಯಾಗಿ ಮಿಂಚುತ್ತದಂತೆ, ಮಕ್ಕಳು ಅದನ್ನು ನೋಡಬೇಕೆನ್ನುತ್ತಿದ್ದಾರೆ. ಅದೂ ವಿಷವೇ?

ಧಾರವಾಡದ ಉಪನ್ಯಾಸಕಿ:
2020ರ ನವೆಂಬರಿನಲ್ಲಿ ನಮ್ಮ ಕರಾವಳಿಯಲ್ಲಿ ಹಾಗೆ ಹೊಳೆದದ್ದು ನಾಕ್ಟಿಲ್ಯೂಕ ಎಂಬ ಏಕಕೋಶ ಜೀವಿ. ಡೊಮೊಯಿಕ್ ಆಮ್ಲದಂಥ ವಿಷ ಅದರಲ್ಲಿಲ್ಲ. ಆದರೆ ಅದರೊಳಗೆ ಅಮೋನಿಯಾ ತುಂಬಿರುತ್ತದೆ, ರಾಶಿಯಾಗಿ ಸತ್ತು ಕೊಳೆತಾಗ ನೀರಿನ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ದಡದಲ್ಲಿ ನಿಂತು ಮನದಣಿಯೆ ತೋರಿಸಿ. ಬಣ್ಣ ತಿರುಗಿದ, ನೊರೆಗಟ್ಟಿದ ನೀರಿಗೆ ಮಾತ್ರ ಮಕ್ಕಳನ್ನು ಇಳಿಸಬೇಡಿ.

ಗದಗಿನ ಶುಶ್ರೂಷಕಿ:
ತಿಂದ ಮೇಲೆ ತುಟಿ, ನಾಲಗೆ ಜುಮುಜುಮು ಎಂದರೆ ಅಥವಾ ಮಾತು ತೊದಲಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಪಾರ್ಶ್ವವಾಯು ತರುವ ವಿಷಕ್ಕೆ ಪ್ರತಿವಿಷವಿಲ್ಲ, ಉಸಿರಾಟಕ್ಕೆ ಯಂತ್ರದ ಆಸರೆ ಬೇಕಾಗಬಹುದು. ಕೃತಕ ಉಸಿರಾಟದ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಒಳನಾಡಿನಲ್ಲಿ ಚಿಪ್ಪಿಜೀವಿಯ ವಿಷ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ.

ಹಾವೇರಿಯ ರೈತ:
ಕಡಲಿನ ಮಾತಿನ ನಡುವೆ ನನ್ನದೊಂದು. ಬೇಸಿಗೆಯಲ್ಲಿ ನಮ್ಮೂರಿನ ಕೆರೆ ಹಸಿರು ಬಣ್ಣ ಕಲಸಿದಂತಾಗಿ ದಡದಲ್ಲಿ ಕೆನೆಗಟ್ಟುತ್ತದೆ. ಎಮ್ಮೆಗಳು ಅದನ್ನೇ ಕುಡಿಯುತ್ತವೆ. ಮೈಲುತುತ್ತ ಹಾಕಿದರೆ ಹೋಗುತ್ತದೆ ಎನ್ನುತ್ತಾರೆ, ಹಾಕಲೇ?

ಧಾರವಾಡದ ಉಪನ್ಯಾಸಕಿ:
ಅಣ್ಣಾ, ದನಕರು ಕುಡಿಯುವ ಕಾಲದಲ್ಲಿ ಖಂಡಿತ ಬೇಡ. ಅದು ಡಯಾಟಮ್ ಅಲ್ಲ, ನೀಲಿಹಸಿರು ಪಾಚಿ ಇರಬೇಕು. ಅದರ ಕೆಲವು ಜಾತಿಗಳು ಮೈಕ್ರೊಸಿಸ್ಟಿನ್ ಎಂಬ, ಯಕೃತ್ತನ್ನು ಕೆಡಿಸುವ ವಿಷವನ್ನು ಕೋಶದೊಳಗೆ ಇಟ್ಟುಕೊಂಡಿರುತ್ತವೆ. ಮೈಲುತುತ್ತ ಬಿದ್ದೊಡನೆ ಕೋಶಗಳು ಒಡೆದು ಅಷ್ಟೂ ವಿಷ ಒಮ್ಮೆಲೇ ನೀರಿಗೆ ಸೇರುತ್ತದೆ. ಕುದಿಸಿದರೂ ಅದು ಹೋಗದು. ಸದ್ಯಕ್ಕೆ ಎಮ್ಮೆಗಳಿಗೆ ಕೊಳವೆಬಾವಿಯ ನೀರನ್ನು ತೊಟ್ಟಿಯಲ್ಲಿ ಕೊಡಿ. ಗಾಳಿ ತಳ್ಳಿದ ಕಡೆಯ ದಡದಲ್ಲೇ ಕೆನೆ ದಪ್ಪಗೆ ಸೇರುತ್ತದೆ, ಆ ದಡಕ್ಕಂತೂ ಅವುಗಳನ್ನು ಬಿಡಬೇಡಿ. ಹೊಲದ ಗೊಬ್ಬರ, ಊರಿನ ಚರಂಡಿ ಕೆರೆಗೆ ಎಲ್ಲಿಂದ ಇಳಿಯುತ್ತಿವೆ ಎಂದು ಮಳೆಗೆ ಮುಂಚೆ ಪಂಚಾಯಿತಿಯವರನ್ನು ಕರೆದುಕೊಂಡು ಹೋಗಿ ನೋಡಿ. ಅವು ಹೊತ್ತು ತರುವ ರಂಜಕವೇ (ಫಾಸ್ಫರಸ್) ಪಾಚಿಗೆ ಆಹಾರ, ಅದು ಬರುವುದು ನಿಲ್ಲದಿದ್ದರೆ ಮುಂದಿನ ಬೇಸಿಗೆಗೆ ಕೆರೆ ಮತ್ತೆ ಹಸಿರಾಗುತ್ತದೆ.