ಎಂ.ಬಿ.ಬಿ.ಎಸ್. ನಂತರ ಎಂ.ಡಿ.ಯೋ, ಎಂ.ಪಿ.ಎಚ್. ಪದವಿಯೋ, ಎರಡೂ ಒಟ್ಟಿಗೋ?

ಡೊಂಬಿವಲಿಯ ತಾಯಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮುಂಬಯಿಯ ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಎಂ.ಬಿ.ಬಿ.ಎಸ್. ಓದಿ ಈಗ ಇಂಟರ್ನ್‌ಶಿಪ್ ಮಾಡುತ್ತಿದ್ದಾಳೆ. ನಾವು ಮೂಲತಃ ಕುಂದಾಪುರದ ಕಡೆಯವರು. ಮನೆತನದಲ್ಲಿ ಇವಳಿಗಿಂತ ಮೊದಲು ವೈದ್ಯರಾದವರು ಯಾರೂ ಇಲ್ಲದ ಕಾರಣ ಇಂತಹ ವಿಷಯದಲ್ಲಿ ಕೇಳೋಣವೆಂದರೆ ಹಿರಿಯರಿಲ್ಲ.

ಪಾಲ್ಘರ್ ಜಿಲ್ಲೆಯ ಆರೋಗ್ಯ ಕೇಂದ್ರವೊಂದರಲ್ಲಿ ಸಮುದಾಯ ವೈದ್ಯಶಾಸ್ತ್ರದ ಪೋಸ್ಟಿಂಗ್ ಮುಗಿಸಿ ಬಂದಂದಿನಿಂದ ಅವಳ ಯೋಚನೆಯೇ ಬೇರೆಯಾಗಿದೆ. "ರಕ್ತಹೀನತೆ ಇರುವ ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸುತ್ತೇವೆ, ಮುಂದಿನ ತಿಂಗಳು ಅದೇ ಹಿಮೋಗ್ಲೋಬಿನ್ ಹೊತ್ತು ಬರುತ್ತಾರೆ. ಮಾತ್ರೆ ಏಕೆ ಹೊಟ್ಟೆಗೆ ಹೋಗಲಿಲ್ಲ ಎಂದು ಕೇಳಲು ನಮಗೆ ಸಮಯವೂ ಇಲ್ಲ, ಕೇಳುವ ಕ್ರಮವೂ ತಿಳಿಯದು" ಎನ್ನುತ್ತಾಳೆ. ಅವಳಿಗೆ ಸಾರ್ವಜನಿಕ ಆರೋಗ್ಯದಲ್ಲಿ ಎಂ.ಪಿ.ಎಚ್. ಎಂಬ ಸ್ನಾತಕೋತ್ತರ ಪದವಿ ಮಾಡುವ ಮನಸ್ಸು. ನನ್ನ ಯಜಮಾನರಿಗೆ ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಆಗಲಿ ಎಂಬ ಆಸೆ. ಈ ನಡುವೆ ಪ್ರವೇಶ ಮಾಡಿಸಿಕೊಡುವ ಸಲಹಾಕೇಂದ್ರವೊಂದರವರು, ಎಂ.ಡಿ. ರೆಸಿಡೆನ್ಸಿಯ ಜೊತೆಗೇ ಆನ್‌ಲೈನ್ ಎಂ.ಪಿ.ಎಚ್. ಮುಗಿಸಿ ಎರಡು ಪದವಿ ಪಡೆಯಬಹುದೆಂದು ಹೇಳಿ ಮುಂಗಡ ಕೇಳಿದ್ದಾರೆ. ಇದು ನಂಬುವ ಮಾತೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ವಿನಂತಿ.

ಪುಣೆಯ ವೈದ್ಯ

ಅಕ್ಕಾ, ಮೊದಲನೆಯದಾಗಿ, ಆ ಮುಂಗಡವನ್ನು ಖಂಡಿತ ಕೊಡಬೇಡಿ. ಎಂ.ಡಿ. ಎಂದರೆ ಮೂರು ವರ್ಷ ಪೂರ್ಣಾವಧಿಯ ರೆಸಿಡೆಂಟ್ ಆಗಿ ದುಡಿಯುವ ತರಬೇತಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳು ಇದನ್ನು ಸ್ಪಷ್ಟವಾಗಿಯೇ ಹೇಳುತ್ತವೆ. ಒಂದೇ ಕಾಲಕ್ಕೆ ಎರಡು ಪದವಿ ಓದಲು ಯು.ಜಿ.ಸಿ. 2022ರಲ್ಲಿ ಅವಕಾಶ ಕೊಟ್ಟದ್ದು ನಿಜವಾದರೂ ಅದು ಪಿಎಚ್.ಡಿ.ಗೆ ಅನ್ವಯಿಸುವುದಿಲ್ಲ, ವೃತ್ತಿಪರ ಕೋರ್ಸುಗಳ ಮೇಲೆ ಆಯಾ ಮಂಡಳಿಗಳ ನಿಯಮವೂ ಇದ್ದೇ ಇರುತ್ತದೆ. ಅದಲ್ಲದೆ 2025ರಲ್ಲಿ ಯು.ಜಿ.ಸಿ. ಆರೋಗ್ಯ ಸಂಬಂಧಿ ವಿಷಯಗಳ ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳ ವಿಷಯದಲ್ಲಿ ಬಿಗಿ ಮಾಡಿದೆ. 36 ಗಂಟೆ ಡ್ಯೂಟಿ ಮುಗಿಸಿ ಕೋಣೆಗೆ ಬಂದು ಬಟ್ಟೆ ಬದಲಿಸದೆ ಮಲಗಿದ ದಿನಗಳು ನನಗೆ ಇನ್ನೂ ನೆನಪಿವೆ. ಆ ಸ್ಥಿತಿಯಲ್ಲಿ ಕೂತು ಗಳಿಸುವ ಇನ್ನೊಂದು ಪದವಿಯಲ್ಲಿ ಕಲಿಕೆ ಎಷ್ಟಿದ್ದೀತು?

ನಾನು ಸಮುದಾಯ ವೈದ್ಯಶಾಸ್ತ್ರದಲ್ಲಿ, ಅಂದರೆ ನಮ್ಮವರು ಪಿ.ಎಸ್.ಎಂ. ಎನ್ನುವ ವಿಷಯದಲ್ಲಿ, ಎಂ.ಡಿ. ಮಾಡಿದವನು. ನಿಮ್ಮ ಮಗಳ ಪ್ರಶ್ನೆಯನ್ನು ಓದಿದಾಗ, ಅವಳ ಆಸೆಗೂ ಯಜಮಾನರ ಆಸೆಗೂ ನಡುವೆ ಈ ದಾರಿ ಇದೆ ಎಂಬುದು ನಿಮ್ಮ ಮನೆಯಲ್ಲಿ ಚರ್ಚೆಗೇ ಬಂದಿಲ್ಲವೇನೋ ಅನಿಸಿತು. ಇದಕ್ಕೂ ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್-ಪಿಜಿಯನ್ನೇ ಬರೆಯಬೇಕು, ಆದರೆ ಜನರಲ್ ಮೆಡಿಸಿನ್‌ಗೆ ಬೇಕಾಗುವಂತಹ ರ‍್ಯಾಂಕ್ ಬೇಕಾಗಿಲ್ಲ. ರ‍್ಯಾಂಕ್ ಕೈಕೊಟ್ಟವರು ಬರುವ ವಿಭಾಗ ಎಂಬ ಮಾತನ್ನು ನಾನೂ ಸಾಕಷ್ಟು ಕೇಳಿಸಿಕೊಂಡಿದ್ದೇನೆ, ಅದರಿಂದ ನೊಂದಿದ್ದೇನೆ ಕೂಡ. ಆದರೆ ಎಪಿಡೆಮಿಯಾಲಜಿ (ಜನರಲ್ಲಿ ರೋಗ ಹೇಗೆ, ಏಕೆ ಹರಡುತ್ತದೆ ಎಂಬ ಅಧ್ಯಯನ), ಲಸಿಕಾ ಕಾರ್ಯಕ್ರಮ, ರೋಗ ಹಬ್ಬಿದಾಗಿನ ತನಿಖೆ, ಕ್ಷೇತ್ರ ಸಮೀಕ್ಷೆ, ಇವೆಲ್ಲವನ್ನೂ ಸ್ಟೈಪೆಂಡ್ ಪಡೆಯುತ್ತಲೇ ಕಲಿಯುವ ತರಬೇತಿ ಇದು. ಜಿಲ್ಲಾ ಆಸ್ಪತ್ರೆ ವ್ಯವಸ್ಥೆಯಲ್ಲಿ ಮೂರು ತಿಂಗಳು ದುಡಿಯುವ ಜಿಲ್ಲಾ ರೆಸಿಡೆನ್ಸಿಯೂ ಈಗ ಸ್ನಾತಕೋತ್ತರ ತರಬೇತಿಯ ಭಾಗ.

ಎಂ.ಪಿ.ಎಚ್. ಒಳ್ಳೆಯ ಓದು, ಅದರಲ್ಲಿ ಸಂಶಯವಿಲ್ಲ. ಆದರೆ ಅದು ವೈದ್ಯಕೀಯ ಮಂಡಳಿಯಲ್ಲಿ ಎಂ.ಡಿ.ಯಂತೆ ನೋಂದಣಿಯಾಗುವ ತಜ್ಞ ಪದವಿಯಲ್ಲ. ಹಾಗಾಗಿ ವೈದ್ಯಕೀಯ ಕಾಲೇಜಿನಲ್ಲಿ ಕಲಿಸಬೇಕೆಂಬ ಆಸೆ ನಾಳೆ ಹುಟ್ಟಿದರೆ ಎಂ.ಡಿ. ಇಲ್ಲದ್ದು ಅಡ್ಡ ಬರುತ್ತದೆ. ಎಂ.ಡಿ. ಆದ ಮೇಲೆ ಎಂ.ಪಿ.ಎಚ್. ಮಾಡಿದ ಸಹೋದ್ಯೋಗಿಗಳು ನನಗಿದ್ದಾರೆ, ಎಂ.ಪಿ.ಎಚ್. ಮುಗಿಸಿ ನಾಲ್ಕೈದು ವರ್ಷ ಕಳೆದ ಮೇಲೆ ಮತ್ತೆ ನೀಟ್-ಪಿಜಿ ಪುಸ್ತಕ ತೆರೆಯುವುದು ಬಹಳ ಕಷ್ಟದ ಕೆಲಸ.

ದೇವನಾರದಲ್ಲಿ ಓದಿದವಳು

ಪುಣೆಯ ವೈದ್ಯರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಾನು ಫಿಸಿಯೋಥೆರಪಿ ಪದವಿಯ ನಂತರ ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಎಂ.ಪಿ.ಎಚ್. ಮಾಡಿದೆ. ನಮ್ಮ ತರಗತಿಯಲ್ಲಿ ವೈದ್ಯರು, ದಂತವೈದ್ಯರು, ನರ್ಸಿಂಗ್ ಓದಿದವರು, ಸಮಾಜಶಾಸ್ತ್ರದವರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ರಕ್ತಹೀನತೆಯ ಬಗ್ಗೆ ಚರ್ಚೆಯಾದರೆ ವೈದ್ಯರು ಮಾತ್ರೆಯ ಪ್ರಮಾಣದ ಬಗ್ಗೆ ಮಾತಾಡುತ್ತಿದ್ದರು, ಸಮಾಜಶಾಸ್ತ್ರದವರು ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಎಂದು ಕೇಳುತ್ತಿದ್ದರು, ಅರ್ಥಶಾಸ್ತ್ರದ ಹಿನ್ನೆಲೆಯವರು ಆರೋಗ್ಯ ಕೇಂದ್ರಕ್ಕೆ ಬಂದರೆ ತಪ್ಪುವ ಒಂದು ದಿನದ ಕೂಲಿಯನ್ನು ಲೆಕ್ಕ ಹಾಕುತ್ತಿದ್ದರು. ನಿಮ್ಮ ಮಗಳು ಪಾಲ್ಘರ್‌ನಲ್ಲಿ ಹುಡುಕುತ್ತಿದ್ದ "ಕೇಳುವ ಕ್ರಮ" ಇಂತಹ ಕಡೆ ಸಿಗುತ್ತದೆ. ವೈದ್ಯರಷ್ಟೇ ತುಂಬಿರುವ ವಿಭಾಗದಲ್ಲಿ ಅದು ಇಷ್ಟು ಸಹಜವಾಗಿ ಸಿಕ್ಕೀತೆ ಎಂಬ ಅನುಮಾನ ನನಗಿದೆ.

ಅದೇ ದೇವನಾರದಲ್ಲಿ 1956ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನಡೆಸುವವರು ಅವರೇ. 2015-16ರ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 50.4ರಷ್ಟು ಮಂದಿಗೆ ರಕ್ತಹೀನತೆ ಇತ್ತು. 2019-21ರ ಸಮೀಕ್ಷೆಯ ಹೊತ್ತಿಗೆ ಅದು ಶೇ. 52.2 ಆಯಿತು. ಇಷ್ಟು ವರ್ಷ ಮಾತ್ರೆ ಹಂಚಿದ ಮೇಲೂ ಸಂಖ್ಯೆ ಇಳಿಯದೆ ಏರಿದ್ದೇಕೆ ಎಂಬುದೇ ನಿಮ್ಮ ಮಗಳ ಪ್ರಶ್ನೆ. ಅವಳಿಗೆ ಲೆಕ್ಕದಲ್ಲಿ ಒಲವಿದ್ದರೆ ಅಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ (ಆರೋಗ್ಯ ಮತ್ತು ಜೀವವಿಜ್ಞಾನದ ಸಂಖ್ಯಾಶಾಸ್ತ್ರ) ಮತ್ತು ಜನಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಕೂಡ ಇದೆ. ಡೊಂಬಿವಲಿಯಿಂದ ಬರುವುದಾದರೆ ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನ್ ಹಿಡಿದು ಗೋವಂಡಿಗೆ ಹೋಗಬೇಕು, ಎರಡೂ ಸಂಸ್ಥೆಗಳು ಅಲ್ಲಿಂದ ದೂರವಿಲ್ಲ. ದುಡ್ಡು ಕಟ್ಟುವ ಮೊದಲು ಒಂದು ದಿನ ಬಂದು ಅಲ್ಲಿನ ವಿದ್ಯಾರ್ಥಿಗಳನ್ನೇ ಮಾತಾಡಿಸಿ.

ಉದ್ಯೋಗದ ವಿಷಯದಲ್ಲಿ ಮುಚ್ಚಿಡುವುದು ಸರಿಯಲ್ಲ. ನಮ್ಮ ಕ್ಷೇತ್ರದಲ್ಲಿ ಹೆಚ್ಚಿನ ಕೆಲಸಗಳು ಯೋಜನೆಯ ಅವಧಿಗೆ ಸೀಮಿತವಾದ ಗುತ್ತಿಗೆಯ ಕೆಲಸಗಳು. ನಾನು ಹಿಂದೆ ಇದ್ದ ಸಂಸ್ಥೆಯಲ್ಲಿ ಅನುದಾನ ನಿಂತ ತಿಂಗಳೇ ನಮ್ಮ ತಂಡಕ್ಕೆ ಸಂಬಳವೂ ನಿಂತಿತು. ಎಂ.ಬಿ.ಬಿ.ಎಸ್. ಕೈಯಲ್ಲಿರುವ ನಿಮ್ಮ ಮಗಳಿಗೆ ಆ ಭಯ ನನ್ನಷ್ಟು ಇರಲಾರದು.

ಖಾರ್‌ಘರ್‌ನ ಸಂಶೋಧಕ

ಜೋಡಿ ಪದವಿ ಎಂಬ ಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ. ಅಮೆರಿಕದಲ್ಲಿ ಎಂ.ಡಿ.-ಪಿಎಚ್.ಡಿ. ಹಳೆಯ ವ್ಯವಸ್ಥೆ, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1964ರಿಂದ ಅದಕ್ಕೆ ಅನುದಾನ ಕೊಡುತ್ತಿದೆ, ಏಳೆಂಟು ವರ್ಷ ಹಿಡಿಯುವ ಓದು. ಆದರೆ ಅಲ್ಲಿನ ಎಂ.ಡಿ. ನಮ್ಮ ಎಂ.ಬಿ.ಬಿ.ಎಸ್. ಹಂತದ ಪದವಿಯಾದುದರಿಂದ ಇಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ಅದು ಹೊಂದುವುದಿಲ್ಲ. ಈ ಹೆಸರಿನ ಗೊಂದಲವನ್ನೇ ಬಂಡವಾಳ ಮಾಡಿಕೊಳ್ಳುವವರಿದ್ದಾರೆ, ಎಚ್ಚರವಿರಲಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 800 ಹಾಸಿಗೆಗಳ ಆಸ್ಪತ್ರೆಯೊಂದಿಗೆ ವೈದ್ಯಕೀಯ ಶಾಲೆ ಕಟ್ಟುವುದಾಗಿ 2022ರಲ್ಲಿ ಘೋಷಿಸಿದಾಗ ವೈದ್ಯ-ವಿಜ್ಞಾನಿಗಳನ್ನು ತಯಾರಿಸುವುದೇ ಗುರಿಯೆಂದಿತ್ತು. ನನಗೆ ಅದರ ಮೇಲೆ ದೊಡ್ಡ ನಿರೀಕ್ಷೆಯಿದೆ.

ಸದ್ಯಕ್ಕೆ ನಮ್ಮಲ್ಲಿ ಎರಡನ್ನು ಒಂದರ ನಂತರ ಒಂದಾಗಿ ಮಾಡುವುದೇ ರೂಢಿ. ಲ್ಯಾಬಿನ ಕೆಲಸದಲ್ಲಿ ಆಸಕ್ತಿಯಿರುವ ಎಂ.ಬಿ.ಬಿ.ಎಸ್. ಪದವೀಧರರು ವಿಜ್ಞಾನ ಸಂಶೋಧನೆಯ ಅರ್ಹತಾ ಪರೀಕ್ಷೆಯಾದ ಸಿ.ಎಸ್.ಐ.ಆರ್. ನೆಟ್ ಬರೆದು ನೇರವಾಗಿ ಪಿಎಚ್.ಡಿ.ಗೆ ಹೋಗಬಹುದು. ಆದರೆ ಇಲ್ಲಿ ಕೇಳಿರುವ ಹುಡುಗಿಯ ಮನಸ್ಸು ಊರುಕೇರಿಯ ಕಡೆಗಿದೆ, ಪೈಪೆಟ್ಟಿನ ಕಡೆಗಲ್ಲ. ಅವಳು ನಮ್ಮ ಕಡೆ ಬರಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ.

ಡೊಂಬಿವಲಿಯ ತಾಯಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಓದಿದೆ. ಪಿ.ಎಸ್.ಎಂ. ಬಗ್ಗೆ ಅವಳು ಯೋಚಿಸಿದ್ದಳಂತೆ, ಗೆಳತಿಯರು ಏನೆಂದಾರೋ ಎಂದು ಬಾಯಿಬಿಟ್ಟಿರಲಿಲ್ಲವಂತೆ. ಅವಳ ಕಡೆಯಿಂದ ಇನ್ನೊಂದು ಪ್ರಶ್ನೆ: ಸರ್ಕಾರಿ ಕಾಲೇಜಾದ ಕಾರಣ ಒಂದು ವರ್ಷದ ಬಾಂಡ್ ಸೇವೆ, ಅಂದರೆ ಕಡ್ಡಾಯ ಸರ್ಕಾರಿ ಸೇವೆ, ಬಾಕಿಯಿದೆ. ಆ ವರ್ಷ ವ್ಯರ್ಥವಾಗುವುದಿಲ್ಲವೇ? ವಿದೇಶದ ಎಂ.ಪಿ.ಎಚ್. ಬಗ್ಗೆಯೂ ತಿಳಿಸಬಹುದೇ?

ಪುಣೆಯ ವೈದ್ಯ

ವ್ಯರ್ಥ ಎಂದು ಅವಳು ಭಾವಿಸಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಾದರೆ ಔಷಧಿ ದಾಸ್ತಾನಿನಿಂದ ಹಿಡಿದು ಆಶಾ ಕಾರ್ಯಕರ್ತೆಯರ ಸಭೆಯವರೆಗೆ ಎಲ್ಲವೂ ಅವಳ ತಲೆಯ ಮೇಲೆ ಬರುತ್ತದೆ. ಮಾತ್ರೆ ಪಡೆದ ಗರ್ಭಿಣಿಯರ ಪಟ್ಟಿಯೂ ಅವಳ ಕೈಯಲ್ಲೇ ಇರುತ್ತದೆ. ತಿಂಗಳಿಗೆ ಹತ್ತು ಮನೆಗೆ ಆಶಾ ಅಕ್ಕಂದಿರ ಜೊತೆ ಹೋಗಿ, ಮಾತ್ರೆಯ ಸ್ಟ್ರಿಪ್ಪಿನಲ್ಲಿ ಎಷ್ಟು ಉಳಿದಿವೆ, ಏಕೆ ಉಳಿದಿವೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮುಂದೆ ಎಂ.ಡಿ. ಪ್ರಬಂಧಕ್ಕೋ ಎಂ.ಪಿ.ಎಚ್. ಅರ್ಜಿಗೋ ಅದಕ್ಕಿಂತ ಒಳ್ಳೆಯ ತಳಹದಿ ಇಲ್ಲ.

ವಿದೇಶದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಜಾನ್ಸ್ ಹಾಪ್ಕಿನ್ಸ್‌ನಂತಹ ಕಡೆ ಪೂರ್ಣಾವಧಿಯ ಎಂ.ಪಿ.ಎಚ್. ಹನ್ನೊಂದು ತಿಂಗಳಲ್ಲಿ ಮುಗಿಯುತ್ತದೆ, ಆದರೆ ಸಾಮಾನ್ಯವಾಗಿ ಖರ್ಚು ನಮ್ಮದೇ. ಅಮೆರಿಕದ ಪಿಎಚ್.ಡಿ.ಗೆ ಸಿಗುವಂತಹ ಸ್ಟೈಪೆಂಡ್ ಇದಕ್ಕೆ ಸಿಗುವುದು ಅಪರೂಪ. ಎಂ.ಪಿ.ಎಚ್. ಮಾಡಿದ ಮಾತ್ರಕ್ಕೆ ಅಲ್ಲಿ ರೋಗಿಗಳನ್ನು ನೋಡುವ ಹಕ್ಕು ಬರುವುದಿಲ್ಲ, ಅದಕ್ಕೆ ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆಯಾದ ಯು.ಎಸ್.ಎಂ.ಎಲ್.ಇ. ಮತ್ತು ರೆಸಿಡೆನ್ಸಿ ಬೇರೆಯೇ ಇವೆ. ಸಾಲ ಮಾಡಿ ಹೋಗುವುದಾದರೆ ಬಾಂಡ್ ಮುಗಿಸಿ, ಒಂದೆರಡು ವರ್ಷ ಕ್ಷೇತ್ರದಲ್ಲಿ ಕೆಲಸ ಮಾಡಿದ ಮೇಲೆ ಹೋಗಲಿ. ನೀಟ್-ಪಿಜಿಯ ಓದನ್ನು ಮಾತ್ರ ಇಂಟರ್ನ್‌ಶಿಪ್ ಮುಗಿಯುವವರೆಗೆ ಮುಂದೂಡುವುದು ಬೇಡ, ಈಗಲೇ ದಿನಕ್ಕೆರಡು ಗಂಟೆಯಾದರೂ ಕೂರಲಿ.