ಒಂದೇ ಮೆಟ್ಟಿಲು, ಮಹಡಿಗೊಂದು ರೂಪ: ಪ್ಲ್ಯಾನ್‌ನಲ್ಲಿ ಮೆಟ್ಟಿಲು ಸರಿಯಾಗಿ ಕಾಣುವಂತೆ ಮಾಡುವುದು ಹೇಗೆ? (ಅನುಭವ ಹಂಚಿಕೆ)

ಪ್ರಶ್ನೆ (ಬಾಣೇರ್, ಪುಣೆ)

ನೆಲಮಹಡಿ ಮತ್ತು ಅದರ ಮೇಲೆ ಮೂರು ಮಹಡಿಗಳಿರುವ ಒಂದು ವಸತಿ ಕಟ್ಟಡವನ್ನು ರೆವಿಟ್ ಎಂಬ ಕಟ್ಟಡ ಮಾಡೆಲ್ ತಂತ್ರಾಂಶದಲ್ಲಿ ಮಾಡುತ್ತಿದ್ದೇನೆ. ಡಾಗ್‌ಲೆಗ್ ಮೆಟ್ಟಿಲು (ನಡುವಿನ ಲ್ಯಾಂಡಿಂಗಿನಲ್ಲಿ ಹಿಂದಕ್ಕೆ ತಿರುಗಿ ಎರಡು ಸಾಲಾಗಿ ಏರುವಂಥದ್ದು) ತಾರಸಿಯವರೆಗೆ ಹೋಗುತ್ತದೆ. ನೆಲಮಹಡಿಯ ಪ್ಲ್ಯಾನ್‌ನಲ್ಲಿ ತುಂಡು ಗೆರೆಯ (ಮೆಟ್ಟಿಲು ಅಲ್ಲಿಗೆ ಕತ್ತರಿಸಿದೆ ಎಂದು ತೋರಿಸುವ ಗೆರೆ) ಆಚೆಗೂ ಇಡೀ ಮೆಟ್ಟಿಲು ಚುಕ್ಕೆಗೆರೆಗಳಲ್ಲಿ ಕಾಣುತ್ತಿದೆ. ಮೊದಲ ಮಹಡಿಯಲ್ಲಿ ಕೆಳಗಿನಿಂದ ಬರುವ ಮೆಟ್ಟಿಲೇ ಕಾಣುತ್ತಿಲ್ಲ, ಅಲ್ಲಿ ಬರೀ ಸ್ಲ್ಯಾಬ್ ಇದೆ. ನಕ್ಷೆ ಬೇಗ ಕೊಡಬೇಕಾಗಿರುವುದರಿಂದ ಸದ್ಯಕ್ಕೆ ಗೆರೆ ಎಳೆದು ಮುಚ್ಚಿಬಿಡು ಎಂದು ಕಚೇರಿಯ ಹಿರಿಯರು ಹೇಳುತ್ತಿದ್ದಾರೆ. ಅನುಭವ ಇದ್ದವರು ದಯವಿಟ್ಟು ದಾರಿ ತೋರಿಸಿ.

ಉತ್ತರ (ಕೊಥ್ರೂಡ್, ಪುಣೆ)

ದಯವಿಟ್ಟು ಗೆರೆ ಎಳೆದು ಮುಚ್ಚಬೇಡಿ. ಕೆಲವು ವರ್ಷಗಳ ಹಿಂದೆ ಹಿಂಜವಡಿ ಕಡೆಯ ಒಂದು ಬಂಗಲೆಯ ಕೆಲಸದಲ್ಲಿ ನಾನು ಇದನ್ನೇ ಮಾಡಿದ್ದೆ. ಮೊದಲ ಮಹಡಿಯ ಪ್ಲ್ಯಾನ್‌ನಲ್ಲಿ ಕಾಣದ ಮೆಟ್ಟಿಲನ್ನು ಕೈಯಾರೆ ಎಳೆದ ಗೆರೆಗಳಿಂದ ತುಂಬಿಸಿದ್ದೆ. ಆಮೇಲೆ ಮಾಲೀಕರ ಕೋರಿಕೆಯಂತೆ ಮಹಡಿಯ ಎತ್ತರ 3000 ಮಿಲಿಮೀಟರಿನಿಂದ 3300ಕ್ಕೆ ಏರಿತು, ರೈಸರ್‌ಗಳು (ಒಂದೊಂದು ಪಾವಟಿಗೆಯ ಏರು) 18ರಿಂದ 20 ಆದವು, ಅಂದರೆ ಸಾಲಿಗೆ ಒಂಬತ್ತಿದ್ದದ್ದು ಹತ್ತಾಯಿತು. ಮಾಡೆಲ್ ಬದಲಾಯಿತು, ಸೆಕ್ಷನ್ (ಕಟ್ಟಡವನ್ನು ಲಂಬವಾಗಿ ಸೀಳಿ ಪಕ್ಕದಿಂದ ತೋರಿಸುವ ನಕ್ಷೆ) ಬದಲಾಯಿತು, ನಾನು ಎಳೆದ ಗೆರೆಗಳು ಮಾತ್ರ ಇದ್ದಲ್ಲೇ ಉಳಿದವು. ಸೈಟಿನಲ್ಲಿದ್ದ ಸಿಂದಗಿ ಕಡೆಯ ಗೌಂಡಿಯೊಬ್ಬರು ಪ್ಲ್ಯಾನ್ ಮತ್ತು ಸೆಕ್ಷನ್ ಎರಡೂ ಹಾಳೆಗಳನ್ನು ಸಿಮೆಂಟ್ ಚೀಲದ ಮೇಲೆ ಹಾಸಿ, ಪೆನ್ಸಿಲಿನ ತುದಿಯಿಂದ ಒಂದೊಂದೇ ಪಾವಟಿಗೆ ಎಣಿಸಿ, "ಸಾಹೇಬ್ರ, ಇದರಾಗ ಒಂಬತ್ತು ಅದಾವು, ಅದರಾಗ ಹತ್ತು ಅದಾವು, ಯಾವುದು ಖರೇ?" ಎಂದು ಕೇಳಿದರು. ಅಷ್ಟರಲ್ಲಿ ನನ್ನ ಹಳೆಯ ಗೆರೆಗಳನ್ನು ನೋಡಿಯೇ ತೊಲೆಯ ಸೆಂಟ್ರಿಂಗ್ ಹಲಗೆ ಕೂರಿಸಿಯಾಗಿತ್ತು. ಒಂದು ಟ್ರೆಡ್ಡಿನಷ್ಟು (ಕಾಲಿಡುವ ಹಾಸಿನ ಅಗಲ), ಅಂದರೆ 250 ಮಿಲಿಮೀಟರು, ಅದನ್ನು ಹಿಂದಕ್ಕೆ ಸರಿಸಬೇಕಾಯಿತು. ಕಾಂಕ್ರೀಟ್ ಸುರಿಯುವ ಮೊದಲೇ ಅವರು ಕೇಳಿದ್ದರಿಂದ ಅಷ್ಟಕ್ಕೇ ಮುಗಿಯಿತು. ಮೆಟ್ಟಿಲಿನ ಮೇಲೆ ನಾನು ಗೆರೆ ಎಳೆದದ್ದು ಅದೇ ಕೊನೆ.

ನಿಮ್ಮ ಮೊದಲ ಮಹಡಿಯಲ್ಲಿ ಮೆಟ್ಟಿಲು ಮಾಯವಾಗಿಲ್ಲ, ಸ್ಲ್ಯಾಬಿನ ಅಡಿಯಲ್ಲಿದೆ. ಮೇಲಿನಿಂದ ನೋಡುವಾಗ ಸ್ಲ್ಯಾಬ್ ಅದನ್ನು ಮರೆಮಾಡುತ್ತದೆ, ಮೆಟ್ಟಿಲು ಇಟ್ಟ ಮಾತ್ರಕ್ಕೆ ರೆವಿಟ್ ತಾನಾಗಿ ಅಲ್ಲಿ ತೆರಪು ಕೊರೆಯುವುದಿಲ್ಲ. ಪ್ರತಿ ಸ್ಲ್ಯಾಬಿನ ಸ್ಕೆಚ್ಚಿನಲ್ಲಿ ಬೇರೆ ಬೇರೆ ರಂಧ್ರ ಮಾಡುವ ಬದಲು ಎಲ್ಲ ಮಹಡಿಗಳನ್ನೂ ಒಟ್ಟಿಗೆ ಕೊರೆಯುವ ಒಂದು ಶಾಫ್ಟ್ ಓಪನಿಂಗ್ ಹಾಕಿ. ಅದರ ತಳವನ್ನು ನೆಲಮಹಡಿಯ ಮಟ್ಟದಲ್ಲೇ ಇಟ್ಟರೆ ನೆಲದ ಸ್ಲ್ಯಾಬನ್ನೂ ಕತ್ತರಿಸಿಬಿಡುತ್ತದೆ, ಆದ್ದರಿಂದ ಮೊದಲ ಮಹಡಿಯ ಸ್ಲ್ಯಾಬಿಗಿಂತ ಸ್ವಲ್ಪ ಕೆಳಗಿನಿಂದ ಶುರುಮಾಡಿ. ಹಾಗೆಯೇ ತಲೆಯ ಭಾಗ ತಾರಸಿಯ ಸ್ಲ್ಯಾಬನ್ನು ದಾಟಲಿ, ಆದರೆ ಮೆಟ್ಟಿಲಮನೆಯ ಛಾವಣಿಯನ್ನು ಮುಟ್ಟದಿರಲಿ. ಶಾಫ್ಟ್ ಸ್ಲ್ಯಾಬ್, ಸೀಲಿಂಗ್ ಮತ್ತು ಛಾವಣಿಗಳನ್ನು ಕತ್ತರಿಸುತ್ತದೆ, ತೊಲೆಗಳನ್ನು ಕತ್ತರಿಸುವುದಿಲ್ಲ. ತೆರಪಿನ ನಡುವೆ ತೊಲೆಯೊಂದು ಹಾಯ್ದು ಹೋಗಿದ್ದರೆ ಅದು ಪ್ಲ್ಯಾನ್‌ಗಿಂತ ಸೆಕ್ಷನ್‌ನಲ್ಲೇ ಬೇಗ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಮೆಟ್ಟಿಲ ಮೂಲಕ ಒಂದು ಸೆಕ್ಷನ್ ತೆಗೆದು ನೋಡಿಯೇ ಮುಂದಕ್ಕೆ ಹೋಗಿ.

ನೆಲಮಹಡಿಯ ಚುಕ್ಕೆಗೆರೆಗಳ ವಿಷಯ ಸುಲಭ. ಏನು ಕಾಣಬೇಕೆಂದು ಆರಿಸುವ ವಿಸಿಬಿಲಿಟಿ ಗ್ರಾಫಿಕ್ಸ್‌ನಲ್ಲಿ ಸ್ಟೇರ್ಸ್ ಎಂಬುದನ್ನು ಬಿಡಿಸಿದರೆ 'ಅಬೋವ್' ಎಂದು ಶುರುವಾಗುವ ಉಪವರ್ಗಗಳು ಸಿಗುತ್ತವೆ, ಅವುಗಳ ಗುರುತು ತೆಗೆಯಿರಿ. ರೇಲಿಂಗ್ಸ್‌ನಲ್ಲೂ ಅಂಥವೇ ಇವೆ, ಬಹಳ ಮಂದಿ ಅವನ್ನು ಮರೆಯುತ್ತಾರೆ. ಆ ಪಟ್ಟಿ ಮಸುಕಾಗಿ ಬದಲಾವಣೆಗೆ ಒಪ್ಪದಿದ್ದರೆ ಆ ವ್ಯೂಗೆ (ತೆರೆದಿರುವ ನಕ್ಷೆಗೆ) ಟೆಂಪ್ಲೇಟ್, ಅಂದರೆ ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್‌ಗಳ ಗುಚ್ಛ, ಅಂಟಿಕೊಂಡಿದೆ ಎಂದರ್ಥ, ಟೆಂಪ್ಲೇಟಿನಲ್ಲಿಯೇ ಬದಲಾಯಿಸಿ.

ತುಂಡು ಗೆರೆ ಎಲ್ಲಿ ಬೀಳಬೇಕು ಎಂಬುದನ್ನು ನಿರ್ಧರಿಸುವುದು ವ್ಯೂ ರೇಂಜ್ ಎಂಬ ಸೆಟ್ಟಿಂಗ್‌ನಲ್ಲಿರುವ ಕಟ್ ಪ್ಲೇನ್, ಅಂದರೆ ಪ್ಲ್ಯಾನ್‌ಗಾಗಿ ಕಟ್ಟಡವನ್ನು ಅಡ್ಡಲಾಗಿ ಕತ್ತರಿಸುವ ಎತ್ತರ. ಮೆಟ್ರಿಕ್ ಟೆಂಪ್ಲೇಟಿನಲ್ಲಿ ಅದು ಸಾಮಾನ್ಯವಾಗಿ ನೆಲದಿಂದ 1200 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಮಹಡಿಯ ಎತ್ತರ 3000, ರೈಸರ್ 18 ಎಂದುಕೊಳ್ಳಿ. ಒಂದು ರೈಸರ್ ಸುಮಾರು 167 ಮಿಲಿಮೀಟರು, ನಡುವಿನ ಲ್ಯಾಂಡಿಂಗ್ 1500ರಲ್ಲಿ. ಏಳು ರೈಸರ್ ಏರಿದ ಮೇಲೆ ಕತ್ತರಿ ಬೀಳುತ್ತದೆ, ತುಂಡು ಗೆರೆ ಮೊದಲ ಸಾಲಿನ ಕೊನೆಯ ಭಾಗದಲ್ಲಿ ಬರುತ್ತದೆ. ಅದು ಸರಿಯಾದ ಜಾಗ. ಆದರೆ ಬಚ್ಚಲುಮನೆಯ ಮೇಲಿನ ವೆಂಟಿಲೇಟರ್ ಕಾಣಲಿ ಎಂದು ಯಾರಾದರೂ ಕಟ್ ಪ್ಲೇನನ್ನು 1800ಕ್ಕೆ ಏರಿಸಿದ್ದರೆ, ಕತ್ತರಿ ಲ್ಯಾಂಡಿಂಗ್ ದಾಟಿ ಎರಡನೆಯ ಸಾಲಿಗೆ ಹೋಗುತ್ತದೆ, ಓದುವವರಿಗೆ ಇಡೀ ಪ್ಲ್ಯಾನ್ ಗೊಂದಲವಾಗುತ್ತದೆ. ವೆಂಟಿಲೇಟರ್‌ಗಾಗಿ ಆ ಮೂಲೆಗಷ್ಟೇ ಪ್ಲ್ಯಾನ್ ರೀಜನ್ (ಒಂದು ಭಾಗಕ್ಕೆ ಮಾತ್ರ ಬೇರೆ ಕಟ್ ಪ್ಲೇನ್ ಕೊಡುವ ಉಪಕರಣ) ಬಳಸಿ, ಇಡೀ ಮಹಡಿಯ ಕತ್ತರಿಯನ್ನು ಮುಟ್ಟಬೇಡಿ.

ಮೆಟ್ಟಿಲನ್ನು ಮಹಡಿಯಿಂದ ಮಹಡಿಗೆ ನಕಲು ಮಾಡಿ ಅಂಟಿಸಿದ್ದೀರಾ ಎಂಬುದನ್ನೂ ನೋಡಿ. ರೆವಿಟ್ 2018ರಿಂದ ಎಲಿವೇಶನ್ ಅಥವಾ ಸೆಕ್ಷನ್‌ನಲ್ಲಿ ಲೆವೆಲ್‌ಗಳನ್ನು ಆಯ್ದು ಒಂದೇ ಮೆಟ್ಟಿಲನ್ನು ಬಹುಮಹಡಿಯದ್ದಾಗಿಸಬಹುದು. ಮಹಡಿಯ ಎತ್ತರ ಬೇರೆಯಿದ್ದರೂ ನಡೆಯುತ್ತದೆ, ಲೆವೆಲ್ ಸರಿದರೆ ಮೆಟ್ಟಿಲೂ ಜೊತೆಗೆ ಹೊಂದಿಕೊಳ್ಳುತ್ತದೆ. ಹಾಗೆ ಹೊಂದಿಕೊಳ್ಳುವಾಗ ರೈಸರ್ ಎಷ್ಟಾಯಿತು ಎಂದು ಕಣ್ಣಿಡಿ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ವಸತಿ ಕಟ್ಟಡಗಳಿಗೆ ರೈಸರ್ 190 ಮಿಲಿಮೀಟರ್ ಮೀರಬಾರದು, ಟ್ರೆಡ್ 250ಕ್ಕಿಂತ ಕಡಿಮೆಯಿರಬಾರದು ಎನ್ನುತ್ತದೆ. ಸ್ಟೇರ್ ಟೈಪ್‌ನಲ್ಲಿ ಈ ಮಿತಿಗಳನ್ನು ಮೊದಲೇ ತುಂಬಿಸಿಟ್ಟರೆ ತಂತ್ರಾಂಶವೇ ಎಚ್ಚರಿಸುತ್ತದೆ.

ಉತ್ತರ (ಮಡಗಾಂವ್, ಗೋವಾ)

ನಾನು ರೆವಿಟ್‌ನಂಥದ್ದೇ ಇನ್ನೊಂದು ತಂತ್ರಾಂಶವಾದ ಆರ್ಕಿಕ್ಯಾಡ್ ಬಳಸುವವಳು. ಅಲ್ಲಿ ಹುಡುಕಬೇಕಾದ ಜಾಗಗಳು ಬೇರೆಯಾದ್ದರಿಂದ, ಇದೇ ತೊಂದರೆಯಲ್ಲಿರುವ ಇತರರಿಗಾಗಿ ಬರೆಯುತ್ತಿದ್ದೇನೆ. ಆರ್ಕಿಕ್ಯಾಡ್ 21ರಲ್ಲಿ ಬಂದ ಹೊಸ ಮೆಟ್ಟಿಲು ಉಪಕರಣದಲ್ಲಿ ಪ್ರತಿ ಮೆಟ್ಟಿಲಿಗೂ ಒಂದು ಹೋಮ್ ಸ್ಟೋರಿ (ಅದು ಸೇರಿದ ಮಹಡಿ) ಇರುತ್ತದೆ. ಅದು ಇನ್ನಾವ ಮಹಡಿಗಳಲ್ಲಿ ಕಾಣಬೇಕು ಎಂಬುದನ್ನು ಮೆಟ್ಟಿಲಿನ ಸೆಟ್ಟಿಂಗ್ಸ್‌ನಲ್ಲಿರುವ 'ಶೋ ಆನ್ ಸ್ಟೋರೀಸ್' ನಿರ್ಧರಿಸುತ್ತದೆ. ಮೇಲಿನ ಮಹಡಿಯಲ್ಲಿ ಮೆಟ್ಟಿಲು ಕಾಣುತ್ತಿಲ್ಲ ಎಂದು ಬರುವವರಲ್ಲಿ ಹೆಚ್ಚಿನವರು ಅದನ್ನು ಹೋಮ್ ಸ್ಟೋರಿಗಷ್ಟೇ ಸೀಮಿತಗೊಳಿಸಿರುತ್ತಾರೆ. ನಡೆಯುವ ಗೆರೆ ಮತ್ತು ಮೆಟ್ಟಿಲ ಸಂಖ್ಯೆಗಳು ಒಂದು ವ್ಯೂನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮೆಟ್ಟಿಲನ್ನು ತಿದ್ದಲು ಹೋಗದೆ, ಮಾಡೆಲ್ ವ್ಯೂ ಆಪ್ಷನ್ಸ್‌ನಲ್ಲಿರುವ ಮೆಟ್ಟಿಲಿನ ಭಾಗವನ್ನು ನೋಡಿ. ಸ್ಲ್ಯಾಬಿನ ತೆರಪನ್ನು ಇಲ್ಲಿಯೂ ನಾವೇ ಮಾಡಬೇಕು. ಕೆಳಗಿನ ಮಹಡಿಯನ್ನು ಟ್ರೇಸ್ ಆಗಿ (ಮಸುಕಾದ ಹಿನ್ನೆಲೆಯಾಗಿ) ಹಿಂದೆ ಹಾಸಿಕೊಂಡು ಕೆಲಸ ಮಾಡಿದರೆ ತೆರಪಿನ ಅಂಚು ಮೆಟ್ಟಿಲ ಕೊನೆಯ ರೈಸರಿಗೆ ಕೂಡಿದೆಯೇ ಎಂಬುದು ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಶಾಫ್ಟ್ ಹಾಕಿದ ಕೂಡಲೇ ಮೊದಲ ಮಹಡಿಯಲ್ಲಿ ಮೆಟ್ಟಿಲು ಬಂದಿತು, ಇಬ್ಬರಿಗೂ ತುಂಬಾ ಧನ್ಯವಾದ. ಈಗ ಉಳಿದದ್ದು ಒಂದೇ. ತಾರಸಿಯ ಪ್ಲ್ಯಾನ್‌ನಲ್ಲಿ ಬಾಣದ ಪಕ್ಕ ಇಳಿಯುವ ಗುರುತಿನ ಬದಲು ಏರುವ ಗುರುತು ಬರುತ್ತಿದೆ.

ಉತ್ತರ (ಕೊಥ್ರೂಡ್, ಪುಣೆ)

ಆ ಬಾಣವನ್ನು ಆಯ್ದು ಅದರ ಟೈಪ್ ನೋಡಿ, ಅದು 'ಫಿಕ್ಸ್ಡ್ ಅಪ್ ಡೈರೆಕ್ಷನ್' ಎಂದಿರಬೇಕು. 'ಆಟೋಮ್ಯಾಟಿಕ್ ಅಪ್/ಡೌನ್ ಡೈರೆಕ್ಷನ್' ಎಂಬುದಕ್ಕೆ ಬದಲಾಯಿಸಿದರೆ ಮಹಡಿಗೆ ತಕ್ಕ ಗುರುತು ಬರುತ್ತದೆ. ನಂತರ ನೆಲಮಹಡಿ, ನಡುವಿನ ಒಂದು ಮಹಡಿ, ತಾರಸಿ, ಈ ಮೂರು ಹಾಳೆಗಳನ್ನು ಮುದ್ರಿಸಿ ಸೆಕ್ಷನ್‌ನ ಪಕ್ಕದಲ್ಲಿಡಿ. ನೆಲಮಹಡಿಯಲ್ಲಿ ಏರುವ ಬಾಣ ಮಾತ್ರ, ನಡುವಿನದರಲ್ಲಿ ಎರಡೂ ಮತ್ತು ತುಂಡು ಗೆರೆ, ತಾರಸಿಯಲ್ಲಿ ಇಳಿಯುವ ಬಾಣ ಮಾತ್ರ ಇರಬೇಕು. ಮೇಲೆ ಮತ್ತೆ ಮೆಟ್ಟಿಲು ಇಲ್ಲದಿರುವುದರಿಂದ ತಾರಸಿಯಲ್ಲಿ ತುಂಡು ಗೆರೆ ಬರಕೂಡದು. ಪೆನ್ಸಿಲ್ ಹಿಡಿದು ರೈಸರ್‌ಗಳನ್ನು ಒಮ್ಮೆ ಎಣಿಸಿ, ಸೆಕ್ಷನ್‌ಗೆ ತಾಳೆಯಾದರೆ ಹಾಳೆಗಳನ್ನು ಕೊಟ್ಟುಬಿಡಿ.